ಕಥೆಗೆ ಪಟ್ಟಿ ಮೊದಲೋ, ಬರವಣಿಗೆ ಮೊದಲೋ? ಲಾಲ್‌ಬಾಗ್ ಹೋಟೆಲ್ ಕಥೆ ಅರ್ಧಕ್ಕೆ ನಿಂತಿದೆ

ಡೊಂಬಿವಿಲಿ ಲೋಕಲ್
ಎಲ್ಲರಿಗೂ ನಮಸ್ಕಾರ. ದೀಪಾವಳಿ ವಿಶೇಷಾಂಕಕ್ಕೆ ಒಂದು ಕಥೆ ಬರೀತಿದ್ದೀನಿ. ಮಿತಿ 3,000 ಪದ. ಈ ಸಲ ಶಿಸ್ತಾಗಿ ಮಾಡೋಣ ಅಂತ ಮೊದಲೇ ದೃಶ್ಯಗಳ ಪಟ್ಟಿ ಹಾಕ್ಕೊಂಡೆ. ಕಾಲ 1982, ಗಿರಣಿ ಮುಷ್ಕರದ ವರ್ಷ. ಲಾಲ್‌ಬಾಗ್‌ನ ಒಂದು ಉಡುಪಿ ಹೋಟೆಲ್. ಹುಡುಗನ ಹೆಸರು ಸುಧಾಕರ. ಹಗಲು ಟೇಬಲ್ ಒರೆಸ್ತಾನೆ, ರಾತ್ರಿಶಾಲೆಗೆ ಹೋಗ್ತಾನೆ. ಮುಷ್ಕರ ಶುರುವಾಗಿ ಗಿರಾಕಿ ಕಡಿಮೆಯಾಗ್ತಾರೆ, ಹೋಟೆಲ್ ಸೊರಗುತ್ತೆ, ಹುಡುಗ ಮೆಟ್ರಿಕ್ ಪಾಸಾಗಿ ಬ್ಯಾಂಕ್ ಸೇರ್ತಾನೆ. ಕೊನೆಗೆ ಅದೇ ಹೋಟೆಲ್‌ಗೆ ಗಿರಾಕಿಯಾಗಿ ಬಂದು ಕೂರ್ತಾನೆ.

ಮೊದಲ ನಾಲ್ಕು ದೃಶ್ಯ ಸರಾಗ. ಐದನೆಯದರಲ್ಲಿ ಮೋರಿಯ ಹತ್ತಿರ ತಟ್ಟೆ ತೊಳೆಯೋಕೆ ಒಬ್ಬ ಬೇಕಿತ್ತು. ಮಿಲ್ಲಿನ ಬದಲಿ ಕೆಲಸಗಾರ, ಮುಷ್ಕರದಿಂದ ಕೆಲಸ ಇಲ್ಲ, ಹೆಸರು ಪಾಂಡು ಅಂತ ಎರಡು ಸಾಲಿಗೆ ಕರ್ಕೊಂಡು ಬಂದೆ. ಈಗ ಆಸಾಮಿ ಹೊರಗೆ ಹೋಗ್ತಾನೇ ಇಲ್ಲ! ಮಾತಾಡ್ತಾನೆ, ಬೈತಾನೆ, ಹಾಡ್ತಾನೆ. ಸುಧಾಕರ ಬಟ್ಟೆ ಹಿಡ್ಕೊಂಡು ಅವನನ್ನೇ ನೋಡ್ತಾ ನಿಂತಿದ್ದಾನೆ. ಪಟ್ಟಿಯಲ್ಲಿ ಪಾಂಡು ಇಲ್ಲವೇ ಇಲ್ಲ.

ಪಾಂಡುನ ತೆಗೆದು ಪಟ್ಟಿ ಹಿಡೀಲಾ, ಪಟ್ಟಿ ಹರಿದು ಪಾಂಡು ಹಿಂದೆ ಹೋಗ್ಲಾ? ನೀವೆಲ್ಲ ಹೇಗೆ ಬರೀತೀರಿ?

ಥಾಣೆ ತರಲೆ
ಮೊದಲು ಬೆಂಗಳೂರಿನವರಿಗೆ ಹೇಳಿಬಿಡಿ, ಇದು ಫಲಪುಷ್ಪ ಪ್ರದರ್ಶನದ ಲಾಲ್‌ಬಾಗ್ ಅಲ್ಲ, ಗಣಪತಿ ಲಾಲ್‌ಬಾಗ್ ಅಂತ.

ನಿಗಡಿ ಪಾಟೀಲ
ಅಕ್ಕಾರ, ಪಾಂಡೂನ್ನ ತಗದ ಹಾಕ್ರಿ. ನಾ ಫ್ಯಾಕ್ಟರಿಯೊಳಗ ಪ್ಲ್ಯಾನಿಂಗ್ ಕೆಲಸಾನ ಮಾಡಾಂವ, ಅದಕ್ಕ ಹಿಂಗ ಹೇಳ್ತೀನಿ ಅಂತ ತಿಳ್ಕೊಬ್ಯಾಡ್ರಿ. ಲೆಕ್ಕಾ ನೋಡ್ರಿ. 3,000 ಪದ. ಎಂಟ ದೃಶ್ಯ ಅಂದ್ರ ಒಂದಕ್ಕ 375. ಬ್ಯಾರೆ ಮನಷ್ಯಾ ಒಬ್ಬ ಒಳಗ ಬಂದ್ರ ಅವಂಗ ಊರು ಬೇಕು, ಹೆಂಡ್ತಿ ಬೇಕು, ಸಿಟ್ಟು ಬೇಕು. ಎಲ್ಲಿಂದ ತರ್ತೀರಿ ಜಾಗಾ? ಕಾದಂಬರಿ ಇದ್ರ ಬ್ಯಾರೆ ಮಾತು. ಸಣ್ಣ ಕಥಿಯೊಳಗ ಬಂದವ್ರಿಗೆಲ್ಲಾ ಚಹಾ ಕೊಡಕ್ಕಾಗಂಗಿಲ್ಲ.

ಕೊತ್ರೂಡ್ ಹುಡುಗಿ
ಪಾಟೀಲ್ ಅಂಕಲ್, ನಿಮ್ಮ ಲೆಕ್ಕ ಸರಿ, ತೀರ್ಮಾನ ತಪ್ಪು. ಜಾಗ ಇಲ್ಲ ಅಂದ್ರೆ ಬ್ಯಾಂಕ್ ದೃಶ್ಯ ತೆಗೀಲಿ. ಬಡ ಹುಡುಗ ಓದಿ ಬ್ಯಾಂಕ್ ಸೇರಿ ಹಳೇ ಹೋಟೆಲ್‌ಗೆ ಬಂದು ಕಣ್ಣು ಒದ್ದೆ ಮಾಡ್ಕೊಳ್ಳೋದು, ಇದನ್ನ ಯಾರು ಓದಿಲ್ಲ? ಪಟ್ಟಿ ಹಾಕುವಾಗ ನಮ್ಮ ತಲೆಗೆ ಮೊದಲು ಬರೋದು ಎಲ್ಲರ ತಲೆಗೂ ಮೊದಲು ಬರೋದೇ. ಪಾಂಡು ಬಂದಿದ್ದು ಬರೆಯುವಾಗ. ಅಕ್ಕಾ, ಸಿಟ್ಟಾಗ್ಬೇಡಿ.

ಡೊಂಬಿವಿಲಿ ಲೋಕಲ್
ಸಿಟ್ಟಿಲ್ಲ. ಸ್ವಲ್ಪ ಉರೀತು ಅಷ್ಟೆ.

ಮಾಟುಂಗಾ ಮೇಷ್ಟ್ರು
ಈ ಜಗಳಕ್ಕೆ ನಮ್ಮ ಕರಾವಳಿಯಲ್ಲಿ ಹಳೆಯದೊಂದು ಏರ್ಪಾಡಿದೆ: ತಾಳಮದ್ದಳೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳಿಗೆ ತಿರುಗಾಟವಿಲ್ಲ, ಆಗ ಕಲಾವಿದರು ಮುಂಬಯಿಗೆ ಬರುತ್ತಾರೆ. ಬಂದಾಗ ಒಮ್ಮೆ ಹೋಗಿ ಕುಳಿತುಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯಗಳು ಪ್ರಸಂಗದವು, ಬರೆದಿಟ್ಟವು. ಆ ಪದ್ಯಕ್ಕೆ ಅರ್ಥಧಾರಿ ಆಡುವ ಮಾತು ಮಾತ್ರ ಆ ಹೊತ್ತಿಗೆ ಹುಟ್ಟಿದ್ದು. ಎದುರಿನವನು ಏನು ಕೇಳಿಯಾನು ಎಂದು ಇವನಿಗೆ ಗೊತ್ತಿಲ್ಲ. ವಾಲಿವಧೆ ಪ್ರಸಂಗದಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನಲ್ಲ, ಗಟ್ಟಿ ಅರ್ಥಧಾರಿ ವಾಲಿಯಾಗಿ ಕುಳಿತರೆ ರಾಮ ಬೆವರುತ್ತಾನೆ. ಸಭೆ ವಾಲಿಯ ಕಡೆ ವಾಲಿಬಿಡುತ್ತದೆ. ಆದರೂ ಪ್ರಸಂಗ ಮುಗಿಯುವಷ್ಟರಲ್ಲಿ ವಾಲಿ ಸಾಯಲೇಬೇಕು.

ನನ್ನ ಸಲಹೆ: ಕೊನೆಯನ್ನು ಕಟ್ಟಿ ಇಡಿ, ನಡುವಿನ ಮಾತನ್ನು ಬಿಡಿ. ಪಾಂಡು ಎಷ್ಟು ಬೇಕಾದರೂ ವಾದಿಸಲಿ. ಸುಧಾಕರ ಬ್ಯಾಂಕಿಗೆ ಹೋಗಲಿ.

ಕುಂದಾಪ್ರದ್ ಮಾಣಿ
ಮೇಷ್ಟ್ರು ಹೇಳಿದ್ದು ಸಮ. ವಾಲಿ ಗೆದ್ದು ಮನೆಗೆ ಹೋದ ತಾಳಮದ್ದಳೆ ನಾನಂತೂ ಕಂಡದ್ದಿಲ್ಲ ಮಾರಾಯ್ರೆ.

ಕೊತ್ರೂಡ್ ಹುಡುಗಿ
ಸರ್, ವಾಲಿ ಸಾಯ್ತಾನೆ ಅಂತ ಇಡೀ ಸಭೆಗೆ ಮೊದಲೇ ಗೊತ್ತು. ಗೊತ್ತಿರೋದಕ್ಕೇ ಅವನ ವಾದಕ್ಕೆ ಅಷ್ಟು ಬೆಲೆ. ಸುಧಾಕರ ಬ್ಯಾಂಕ್ ಸೇರ್ತಾನೆ ಅಂತ ಯಾರಿಗೆ ಗೊತ್ತಿದೆ? ಅದು ಪುರಾಣ ಅಲ್ಲ, ಅಕ್ಕನ ನೋಟ್‌ಬುಕ್. ಇನ್ನೊಂದು, ಅರ್ಥಧಾರಿ ಖಾಲಿ ಕೈಯಲ್ಲಿ ಬಂದು ಕೂತಿರಲ್ಲ. ಪುರಾಣ, ಕಾವ್ಯ ಎಲ್ಲ ವರ್ಷಗಟ್ಟಲೆ ಓದಿ ಹೊಟ್ಟೆಯಲ್ಲಿ ಇಟ್ಟುಕೊಂಡಿರ್ತಾರೆ. ಅದನ್ನ ಆಶು ಅಂತ ನಾವು ಕರೀತೀವಿ, ಅವರ ತಯಾರಿ ನಮಗೆ ಕಾಣಲ್ಲ ಅಷ್ಟೆ.

ಮಾಟುಂಗಾ ಮೇಷ್ಟ್ರು
ಎರಡನೆಯ ಮಾತು ಒಪ್ಪಿದೆ. ಮೊದಲನೆಯದರ ಬಗ್ಗೆ ರಾತ್ರಿ ಯೋಚಿಸಿ ಬರೆಯುತ್ತೇನೆ.

ನಿಗಡಿ ಪಾಟೀಲ
ಸಂಗೀತದಾಗೂ ಹಂಗ ಅಲ್ಲೇನ್ರಿ. ನಮ್ಮ ಗದಗಿನ ಭೀಮಸೇನ ಜೋಶಿಯವ್ರು ಗುರುವಿನ ಹೆಸರಿಲೆ ಇಲ್ಲಿ ಪುಣೆದಾಗ ಸವಾಯಿ ಗಂಧರ್ವ ಉತ್ಸವ ಚಾಲೂ ಮಾಡಿದ್ರು, 1953ರಾಗ. ಅಲ್ಲಿ ಕುಂತು ಕೇಳ್ರಿ. ಬಂದಿಶ್ ಇರೋದು ಎರಡ ಸಾಲು, ಗವಾಯಿ ಅದರ ಮ್ಯಾಲೆ ಒಂದ ತಾಸು ಹಾಡ್ತಾನ. ಆದ್ರ ರಾಗ ಯಾವ್ದು ಅಂತ ಮೊದಲ ಗೊತ್ತಿರ್ತದ. ಯಮನ್ ಹಿಡದು ನಟ್ಟನಡುವ ಮನಸ ಬಂತು ಅಂತ ಮಾರವಾದಾಗ ಜಿಗ್ಯಾಂಗಿಲ್ಲ.

ಥಾಣೆ ತರಲೆ
ಪಾಟೀಲರು ಪ್ಲ್ಯಾನ್ ಪಕ್ಷದಲ್ಲಿದ್ದು ಒಂದು ತಾಸು ಆಲಾಪಕ್ಕೆ ಅನುಮತಿ ಕೊಟ್ರಲ್ಲ! ಫ್ಯಾಕ್ಟರಿಯವರಿಗೆ ಗೊತ್ತಾ?

ಪರ್ವರಿ ಪತ್ತೇದಾರ
ಗೋವಾದಿಂದ ನಮಸ್ಕಾರ. ಪತ್ತೇದಾರಿ ಕಥೆ ಬರೆಯುವವನು ನಾನು, ಹಾಗಾಗಿ ಪಟ್ಟಿಯವರ ಪರ ನಿಲ್ಲುತ್ತೇನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೊಲೆಗಾರ ಯಾರೆಂದು ಗೊತ್ತಿಲ್ಲದೆ ಸುಳಿವು ಬಿಡುವುದು ಹೇಗೆ ಅಂತ ವಾದ. ಆದರೆ ಅಗಾಥಾ ಕ್ರಿಸ್ಟಿಯ ಟಿಪ್ಪಣಿ ಪುಸ್ತಕಗಳು 73 ಉಳಿದಿವೆ. ಅದರಲ್ಲಿ ಕಾಣುವುದು ಅಚ್ಚುಕಟ್ಟಾದ ನಕ್ಷೆಯಲ್ಲ. ಕೊಂದವನು ಇವನಾದರೆ ಹೇಗೆ, ಅಲ್ಲ ಅವಳಾದರೆ ಹೇಗೆ ಅಂತ ಒಂದರ ಕೆಳಗೊಂದು ಸಾಧ್ಯತೆ. ನಡುವೆ ಮನೆವಾರ್ತೆಯ ಪಟ್ಟಿ ಬೇರೆ. ಅಂದರೆ ಆಯಮ್ಮ ಆಶುವಾಗಿ ಆಟ ಆಡುತ್ತಿದ್ದದ್ದು ಪಟ್ಟಿ ಹಾಕುವಾಗಲೇ. ಕಾಗದದ ಮೇಲೆ ಹತ್ತು ಪದದಲ್ಲಿ ತಪ್ಪು ದಾರಿ ಹಿಡಿದು ವಾಪಸು ಬರುವುದು ಸುಲಭ, ಹತ್ತು ಸಾವಿರ ಪದ ಬರೆದ ಮೇಲೆ ಕಷ್ಟ.

ಆದ್ದರಿಂದ ಪ್ಲ್ಯಾನ್ ಮಾಡುವವರಿಗೆ ಕಲ್ಪನೆ ಕಡಿಮೆ ಅನ್ನುವ ಮಾತನ್ನು ದಯವಿಟ್ಟು ಇಲ್ಲಿ ಶುರು ಮಾಡಬೇಡಿ.

ಅಂಧೇರಿ ಮಳೆ
ಶುರು ಮಾಡ್ತೀನಿ. ಪ್ಲ್ಯಾನ್ ಮಾಡಿ ಬರೆದ ಕಥೆಯಲ್ಲಿ ಪಾತ್ರಗಳು ಲೇಖಕರ ಚಾಕರಿ ಮಾಡ್ತಿರ್ತವೆ. ನಾನು ಒಂದು ವಾಕ್ಯ ಇಟ್ಟುಕೊಂಡು ಕೂರ್ತೀನಿ. ದೋಸ್ತೋಯೆವ್‌ಸ್ಕಿ ‘ಜೂಜುಕೋರ’ ಅನ್ನೋ ಇಡೀ ಕಾದಂಬರಿ 26 ದಿನದಲ್ಲಿ ಬಾಯಲ್ಲಿ ಹೇಳಿ ಬರೆಸಿದ. ಅವನೇನು ಎಕ್ಸೆಲ್ ಶೀಟ್ ಇಟ್ಟುಕೊಂಡಿದ್ದನಾ?

ಪರ್ವರಿ ಪತ್ತೇದಾರ
26 ದಿನದ ಕಥೆ ಪೂರ್ತಿ ಹೇಳಿ. 1866. ಪ್ರಕಾಶಕನ ಜೊತೆ ಕರಾರು, ನವೆಂಬರ್ 1ರೊಳಗೆ ಕಾದಂಬರಿ ಕೊಡದಿದ್ದರೆ ಒಂಬತ್ತು ವರ್ಷ ಲೇಖಕನ ಬರಹದ ಹಕ್ಕೆಲ್ಲ ಪ್ರಕಾಶಕನಿಗೆ ಪುಕ್ಕಟೆ. ಅದಕ್ಕೇ ಶೀಘ್ರಲಿಪಿಯ ಹುಡುಗಿ ಅನ್ನಾಳನ್ನು ಕರೆಸಿ ಹೇಳಿ ಬರೆಸಿದ್ದು. ಆದರೆ ಜೂಜುಕೋರನ ಆ ಕಥೆಯ ಎಳೆಯನ್ನು ಅವನು 1863ರಲ್ಲೇ ರೋಮ್‌ನಿಂದ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದ. ಜೂಜಿನ ಮೇಜಿನ ಮುಂದೆ ತಾನೇ ಕೂತು ಕಳೆದುಕೊಂಡವನು. ಬರೆಸಿದ್ದು 26 ದಿನ, ಹೊತ್ತುಕೊಂಡು ತಿರುಗಿದ್ದು ಮೂರು ವರ್ಷ.

ಅಂಧೇರಿ ಮಳೆ
ಹೊತ್ತುಕೊಂಡು ತಿರುಗೋದು ಪ್ಲ್ಯಾನ್ ಅಲ್ಲ ಸ್ವಾಮಿ. ಹಾಗಾದ್ರೆ ನಾನೂ ಪ್ಲ್ಯಾನ್ ಮಾಡ್ತೀನಿ, ದಿನಾ ವೆಸ್ಟರ್ನ್ ಲೈನಿನಲ್ಲಿ ನೇತಾಡ್ಕೊಂಡು.

ಥಾಣೆ ತರಲೆ
ಆಮೇಲೆ ಅವನು ಆ ಶೀಘ್ರಲಿಪಿಯ ಹುಡುಗಿಯನ್ನೇ ಮದುವೆಯಾದ. ಅದು ಪ್ಲ್ಯಾನಾ, ಆಶುವಾ?

ಕೊತ್ರೂಡ್ ಹುಡುಗಿ
ಲೇಖಕರು ತಮ್ಮ ಬರವಣಿಗೆ ಬಗ್ಗೆ ಹೇಳೋದನ್ನ ಅರ್ಧ ಮಾತ್ರ ನಂಬಬೇಕು ಅನ್ಸುತ್ತೆ. ಎಡ್ಗರ್ ಅಲನ್ ಪೋ ತನ್ನ ಕಾಗೆ ಕವಿತೆ ಬಗ್ಗೆ 1846ರಲ್ಲಿ ಒಂದು ಪ್ರಬಂಧ ಬರೆದ. ಕೊನೆಯಿಂದ ಹಿಂದಕ್ಕೆ ಕಟ್ಟಿದೆ, ಉದ್ದ ಎಷ್ಟು, ಭಾವ ಯಾವುದು, ಪಲ್ಲವಿಯಲ್ಲಿ ಯಾವ ಸ್ವರ ಇರ್ಬೇಕು, ಎಲ್ಲ ಗಣಿತದ ಥರ ಲೆಕ್ಕ ಹಾಕಿದೆ ಅಂತ. ಅದನ್ನ ಓದಿದ ಎಷ್ಟೋ ವಿಮರ್ಶಕರು ನಕ್ಕಿದ್ದಾರೆ, ಕವಿತೆ ಹೆಸರು ಮಾಡಿದ ಮೇಲೆ ಕಟ್ಟಿದ ಕಥೆ ಇದು ಅಂತ. ಹಾಗೇ ‘ಪಾತ್ರವೇ ನನ್ನ ಕೈ ಹಿಡಿದು ಬರೆಸಿತು’ ಅನ್ನೋರೂ. ಪಾತ್ರಕ್ಕೆ ಕೈ ಎಲ್ಲಿದೆ? ಎಲ್ಲ ನಾವೇ. ವೇದಿಕೆ ಮೇಲೆ ಹೇಳೋಕೆ ಚೆನ್ನಾಗಿರುತ್ತೆ ಅಷ್ಟೆ.

ಅಂಧೇರಿ ಮಳೆ
ನೀನೇ ತಾನೇ ಮೇಲೆ ಪಾಂಡು ಪರ ವಾದ ಮಾಡಿದ್ದು?

ಕೊತ್ರೂಡ್ ಹುಡುಗಿ
ಪಾಂಡು ಪರ ಅಲ್ಲ, ಬ್ಯಾಂಕ್ ವಿರುದ್ಧ.

ವಾಸ್ಕೊ ನಾಟಕದವ
ಕಥಿ ಬರಿಯೋರು ನೀವು ಪುಣ್ಯವಂತರು ಬಿಡ್ರಿ. ನಾ ಇಲ್ಲಿ ನಮ್ಮ ಮಂದಿ ವಾರ್ಷಿಕೋತ್ಸವಕ್ಕ ನಾಟಕ ಬರೀತೀನಿ. ಪಾತ್ರಧಾರಿಗಳೆಲ್ಲಾ ಬಂದರದಾಗ, ಫ್ಯಾಕ್ಟರಿಯೊಳಗ ಪಾಳಿ ಕೆಲಸದವ್ರು. ಒಂದ ಸಲ ನಾಟಕದ ದಿನಾನ ನಾಯಕನ ಅಪ್ಪಗ ಸೆಕೆಂಡ್ ಶಿಫ್ಟ್ ಬಿತ್ತು. ಎರಡನೇ ಅಂಕದೊಳಗ ಅಪ್ಪ ಮಗನ್ನ ಮನಿಯಿಂದ ಹೊರಗ ಹಾಕಬೇಕು. ಅಪ್ಪನ ಇಲ್ಲ! ತಾಯಿ ಪಾತ್ರದಾಕಿ ತಾನಾಗೇ ಎದ್ದು ಮಗನ ಚೀಲಾ ತಂದು ಬಾಗಲ ಹೊರಗ ಇಟ್ಲು. ಒಂದ ಮಾತ ಆಡ್ಲಿಲ್ಲ. ಮಂದಿ ಗಪ್ಪ ಆತು. ನಾ ಬರದಿದ್ದು ಅಪ್ಪನ ಬಾಯಾಗ ಒಂದೂವರೆ ಪುಟದ ಬೈಗಳ.

ಮುಂದಿನ ಪ್ರಯೋಗಕ್ಕ ಅಪ್ಪ ರಜಾ ಹಾಕಿ ಬಂದ. ಆದ್ರೂ ಚೀಲಾ ತಾಯಿನ ಇಟ್ಲು. ಅಪ್ಪ ಇವತ್ತಿಗೂ ನನ್ನ ಕೂಡ ಸರಿ ಮಾತಾಡಂಗಿಲ್ಲ.

ಡೊಂಬಿವಿಲಿ ಲೋಕಲ್
ವಾಸ್ಕೊ ಅಣ್ಣಾ, ಇದನ್ನೇ ಕಥೆ ಮಾಡಿ ಕಳಿಸಿ. ನನ್ನದು ಬಿಡಿ.

ನಿಗಡಿ ಪಾಟೀಲ
ಛಲೋ ಅದ. ಆದ್ರ ನೋಡ್ರಿ, ಆ ತಾಯಿಗೆ ಮಗ ಹೊರಗ ಹೋಗಬೇಕು ಅನ್ನೋದು ಗೊತ್ತಿತ್ತು. ದಾರಿ ಬದಲಾತು, ಊರು ಬದಲಾಗಲಿಲ್ಲ. ನಂದೂ ಇದ ವಾದ.

ಮುಲುಂಡ್ ಓದುಗ
ಯಶವಂತ ಚಿತ್ತಾಲರು ವೃತ್ತಿಯಲ್ಲಿ ಪಾಲಿಮರ್ ತಂತ್ರಜ್ಞರು. ಬಾಂದ್ರಾದ ಸಮುದ್ರದ ಎದುರು ಕೂತು ಬರೆದವರು. ಲ್ಯಾಬಿನ ಶಿಸ್ತಿನವರು, ಖಂಡಿತ ನಕ್ಷೆ ಹಾಕಿಯೇ ಬರೆದಿರಬೇಕು. ‘ಶಿಕಾರಿ’ಯ ಬಿಗಿ ನೋಡಿದರೆ ಹಾಗನ್ನಿಸುತ್ತದೆ.

ಅಂಧೇರಿ ಮಳೆ
ನಾನೂ ಲ್ಯಾಬಿನವಳೇ. ಫಲಿತಾಂಶ ಮೊದಲೇ ಗೊತ್ತಿದ್ರೆ ಪ್ರಯೋಗ ಯಾಕೆ ಮಾಡ್ತಾರೆ? ಏನು ಹಾಕ್ತೀವಿ, ಎಷ್ಟು ಬಿಸಿ ಮಾಡ್ತೀವಿ ಅನ್ನೋದು ಬರೆದಿಟ್ಟಿರ್ತೀವಿ. ಏನಾಗುತ್ತೆ ಅನ್ನೋದನ್ನ ಕಾಯ್ತೀವಿ. ತಮಾಷೆ ಅಂದ್ರೆ ಜಯಂತ ಕಾಯ್ಕಿಣಿಯವರೂ ಜೀವರಸಾಯನಶಾಸ್ತ್ರ ಓದಿ ಇಲ್ಲೇ ಔಷಧ ಕಂಪನಿಯಲ್ಲಿ ದುಡಿದವರು. ಮುಂಬೈ ಕನ್ನಡ ಕಥೆಯ ಇಬ್ಬರು ದೊಡ್ಡವರೂ ಕೆಮಿಸ್ಟ್ರಿಯಿಂದ ಬಂದವರು. ಯಾರಾದ್ರೂ ಪಿಎಚ್‌ಡಿ ಮಾಡಿ.

ಮುಲುಂಡ್ ಓದುಗ
ಅದು ಸರಿ, ಆದರೆ ಒಬ್ಬರ ಬಿಗಿ ಒಂದು ಥರ, ಇನ್ನೊಬ್ಬರ ಸಡಿಲ ಇನ್ನೊಂದು ಥರ. ಕೆಮಿಸ್ಟ್ರಿಯಿಂದ ಏನೂ ಸಾಬೀತಾಗುವುದಿಲ್ಲ.

ಅಂಧೇರಿ ಮಳೆ
ಕೆಮಿಸ್ಟ್ರಿ ಶುರು ಮಾಡಿದ್ದು ನೀವು!

ಕುಂದಾಪ್ರದ್ ಮಾಣಿ
ಎಂತ ಪತ್ತೇದಾರ್ರೆ, ಗೋವಾದಲ್ಲಿ ಈಗ ಮೀನಿಗೆ ರೇಟ್ ಹೆಂಗಿತ್ತ್?

ನಿರ್ವಾಹಕರು
ಮೀನಿನ ವಿಷಯಕ್ಕೆ ಬೇರೆ ಎಳೆ ಇದೆ. ಇಲ್ಲಿ ಕಥೆ ಮಾತ್ರ.

ಪರ್ವರಿ ಪತ್ತೇದಾರ
ನಿರ್ವಾಹಕರ ಕ್ಷಮೆ ಕೋರಿ: ಬಂಗುಡೆ ಪರವಾಗಿಲ್ಲ, ವಿಸೋಣ (ನಮ್ಮ ಅಂಜಲ್) ಮುಟ್ಟುವ ಹಾಗಿಲ್ಲ.

ಮಾಟುಂಗಾ ಮೇಷ್ಟ್ರು
ರಾತ್ರಿ ಯೋಚಿಸಿದೆ. ಕೊತ್ರೂಡ್‌ನ ಮಗಳು ಹೇಳಿದ್ದರಲ್ಲಿ ಹುರುಳಿದೆ. ಪುರಾಣದ ಕೊನೆ ಸಮುದಾಯದ್ದು, ಲೇಖಕನ ಕೊನೆ ಅವನೊಬ್ಬನದು. ಆದರೆ ಧಾರಾವಾಹಿ ಬರೆಯುವವರ ಸಂಕಟ ನೋಡಿ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಕಾದಂಬರಿ ಬರುತ್ತಿದ್ದ ಕಾಲದಲ್ಲಿ, ಹಿಂದಿನ ವಾರ ಅಚ್ಚಾದದ್ದನ್ನು ತಿದ್ದುವ ಹಾಗಿರಲಿಲ್ಲ. ಕೊಂದವರನ್ನು ಎಬ್ಬಿಸುವ ಹಾಗಿಲ್ಲ. ಡಿಕನ್ಸ್ ಕಂತಿನಲ್ಲಿ ಬರೆದವನು. ಒಂದೊಂದು ಕಂತಿಗೂ ಒಂದು ಹಾಳೆ ಮಡಚಿ, ಎಡಗಡೆ ತನಗೆ ತಾನೇ ಪ್ರಶ್ನೆ ಬರೆದುಕೊಳ್ಳುತ್ತಿದ್ದ: ಇವಳನ್ನು ಈ ಕಂತಿನಲ್ಲಿ ತರಲೇ, ಆ ಗುಟ್ಟನ್ನು ಈಗ ಬಿಚ್ಚಲೇ ಎಂಬಂಥವು. ಪಕ್ಕದಲ್ಲೇ ಉತ್ತರ, ಹೌದು, ಬೇಡ, ಇನ್ನೂ ಇಲ್ಲ. ಬಲಗಡೆ ಅಧ್ಯಾಯಗಳ ವಿವರ. ಅಂದರೆ ಪೂರ್ತಿ ನಕ್ಷೆಯೂ ಅಲ್ಲ, ಕಣ್ಣುಮುಚ್ಚಿ ಓಟವೂ ಅಲ್ಲ.

ಕೊನೆಯ ಕಾದಂಬರಿ ಹನ್ನೆರಡು ಕಂತಿನದು. ಆರು ಬರೆದಿದ್ದಾಗ, 1870ರ ಜೂನ್‌ನಲ್ಲಿ ತೀರಿಕೊಂಡ. ಆ ಕಥೆಯೊಳಗಿನ ಕೊಲೆ ನಿಜವಾಗಿ ನಡೆಯಿತೇ, ಮಾಡಿದವರಾರು ಎಂದು ಜನ ಇಂದಿಗೂ ಜಗಳವಾಡುತ್ತಾರೆ. ಅವನ ತಲೆಯಲ್ಲಿದ್ದದ್ದು ತಲೆಯಲ್ಲೇ ಹೋಯಿತು.

ಪರ್ವರಿ ಪತ್ತೇದಾರ
ಅದಕ್ಕೇ ನಾನು ಕೊಲೆಗಾರನ ಹೆಸರನ್ನು ಹೆಂಡತಿಗೆ ಹೇಳಿ ಇಟ್ಟಿರುತ್ತೇನೆ.

ಡೊಂಬಿವಿಲಿ ಲೋಕಲ್
ನನ್ನ ತೊಂದರೆ ಇನ್ನೊಂದಿದೆ, ಯಾರೂ ಹೇಳ್ತಿಲ್ಲ. ನಾನು ಬರೆಯೋದು ರೈಲಿನಲ್ಲಿ. ಸೀಟ್ ಸಿಗ್ಲಿ ಅಂತ ಡೊಂಬಿವಿಲಿಯಿಂದ ಉಲ್ಟಾ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಕೂತು ಸಿಎಸ್‌ಎಂಟಿ. ಕೂತಷ್ಟು ಹೊತ್ತು ಫೋನಿನಲ್ಲಿ ಟೈಪ್ ಮಾಡ್ತೀನಿ. ಆಮೇಲೆ ಇಡೀ ದಿನ ಆಫೀಸು, ಮನೆ, ಮಗಳ ಹೋಂವರ್ಕ್. ಮಾರನೇ ದಿನ ಫೋನ್ ತೆಗೆದ್ರೆ ನಿನ್ನೆ ಎಲ್ಲಿದ್ದೆ ಅಂತಲೇ ಗೊತ್ತಾಗಲ್ಲ. ಪಟ್ಟಿ ಹಾಕಿದ್ದು ಅದಕ್ಕೇ. ‘ಒಂದು ವಾಕ್ಯ ಇಟ್ಟುಕೊಂಡು ಕೂರ್ತೀನಿ’ ಅನ್ನೋದು ಕೂರೋಕೆ ಜಾಗ ಇರೋರ ಮಾತು.

ಅಂಧೇರಿ ಮಳೆ
ಇದು ನನಗೆ ಹೊಳೆದಿರಲಿಲ್ಲ. ನಾನು ಒಬ್ಬಳೇ ಇರೋದು, ರಾತ್ರಿ ಎರಡರವರೆಗೂ ಬರೀತೀನಿ. ಬೇಡದ್ದು ಬಂದ್ರೆ ಇಡೀ ಅಧ್ಯಾಯ ಎಸೀತೀನಿ. ನಿಮ್ಮಿಂದ ಅದಾಗಲ್ಲ, ಒಪ್ಪಿದೆ.

ಪರ್ವರಿ ಪತ್ತೇದಾರ
ಪಟ್ಟಿ ಹಾಕುವವರು ಮೊದಲೇ ಕಂದಾಯ ಕಟ್ಟುತ್ತಾರೆ, ಹಾಕದವರು ಆಮೇಲೆ ತಿದ್ದುವಾಗ ಕಟ್ಟುತ್ತಾರೆ. ತಪ್ಪಿಸಿಕೊಂಡವರನ್ನು ನಾನು ಕಂಡಿಲ್ಲ.

ಅಕ್ಕಾ, ನಿಮಗೆ ಒಂದು ಉಪಾಯ. ನಾನು ಇದನ್ನು ಪ್ರತಿ ಕಥೆಗೂ ಮಾಡುತ್ತೇನೆ. ಹಳೆಯ ಪಟ್ಟಿ ಮುಚ್ಚಿಡಿ. ಇಲ್ಲಿಯವರೆಗೆ ಬರೆದದ್ದನ್ನು ಓದಿ ಹೊಸ ಪಟ್ಟಿ ಮಾಡಿ. ಒಂದು ದೃಶ್ಯಕ್ಕೆ ಒಂದೇ ಸಾಲು: ಇಲ್ಲಿ ಯಾರಿಗೆ ಏನು ಬೇಕು, ದೃಶ್ಯ ಮುಗಿದಾಗ ಏನು ಬದಲಾಯಿತು. ಬರೆದದ್ದನ್ನು ಮಾತ್ರ ಬರೆಯಿರಿ, ಬರೆಯಬೇಕೆಂದಿದ್ದದ್ದು ಬೇಡ. ನಾಳೆ ರೈಲಿನಲ್ಲಿ ಅಷ್ಟೇ ಮಾಡಿ.

ನಿಗಡಿ ಪಾಟೀಲ
ನಮ್ಮಲ್ಲೂ ಹಂಗ. ಪ್ಲ್ಯಾನ್ ಒಂದ ಇರ್ತದ, ಲೈನ್ ಮ್ಯಾಲೆ ಖರೇ ಏನ ಆತು ಅನ್ನೋ ರಜಿಸ್ಟರ್ ಬ್ಯಾರೆ. ರಜಿಸ್ಟರ್ ನೋಡದ ಪ್ಲ್ಯಾನ್ ತಿದ್ದಂಗಿಲ್ಲ.

ಡೊಂಬಿವಿಲಿ ಲೋಕಲ್
ಮಾಡಿದೆ. ಸೀಟೂ ಸಿಕ್ತು.

1. ಸುಧಾಕರನಿಗೆ ರಾತ್ರಿಶಾಲೆಗೆ ಬೇಗ ಹೋಗ್ಬೇಕು. ಮ್ಯಾನೇಜರ್ ಬಿಡಲ್ಲ. ಕೊನೆಗೆ ಬಿಡ್ತಾನೆ.
2. ಸುಧಾಕರ ಶಾಲೆಯಲ್ಲಿ. ಏನೂ ಬೇಕಿಲ್ಲ. ಏನೂ ಬದಲಾಗಲಿಲ್ಲ. (ವರ್ಣನೆ ಚೆನ್ನಾಗಿದೆ!)
3. ಮುಷ್ಕರ ಶುರು. ಧಣಿಗೆ ಗಿರಾಕಿ ಬೇಕು. ಸುಧಾಕರ ನೋಡ್ತಾನೆ.
4. ಅಡುಗೆ ಭಟ್ಟರು ಊರಿಗೆ ಹೊರಡ್ತಾರೆ. ಸುಧಾಕರ ನೋಡ್ತಾನೆ.
5. ಪಾಂಡುಗೆ ಕೂಲಿ ಮುಂಗಡ ಬೇಕು. ಧಣಿ ಕೊಡಲ್ಲ. ಪಾಂಡು ತಟ್ಟೆ ಹೊರಗಿಟ್ಟು ಕೆಲಸ ನಿಲ್ಲಿಸ್ತಾನೆ. ಸುಧಾಕರ ನೋಡ್ತಾನೆ.

ಕೊತ್ರೂಡ್ ತಂಗೀ, ಏನೂ ಹೇಳ್ಬೇಡ. ಗೊತ್ತಾಯ್ತು.

ಕೊತ್ರೂಡ್ ಹುಡುಗಿ
ನಾನು ಬಾಯಿ ಮುಚ್ಚಿದ್ದೀನಿ. ಆದ್ರೆ ಎರಡನೇ ದೃಶ್ಯ!

ಥಾಣೆ ತರಲೆ
ಕಥೆಯ ಹೆಸರು ‘ಸುಧಾಕರ ನೋಡ್ತಾನೆ’ ಅಂತಿಡಿ. ಪ್ರಶಸ್ತಿ ಗ್ಯಾರಂಟಿ.

ಮುಲುಂಡ್ ಓದುಗ
ಹಾಗಾದರೆ ಇದು ಪಾಂಡುವಿನ ಕಥೆ. ಸುಧಾಕರನನ್ನು ಬಿಟ್ಟುಬಿಡಿ.

ಕುಂದಾಪ್ರದ್ ಮಾಣಿ
ಬಿಡುದೆಂತಕ್ಕೆ? ಮುಂಬೈಯಲ್ಲಿ ನಮ್ಮ ಹೋಟೆಲ್ ಹುಡುಗ್ರ ಕಥೆ ಬರೆಯುವವ್ರೇ ಇಲ್ಲ. ಇದ್ದ ಒಂದನ್ನೂ ಮರಾಠಿಯವನಿಗೆ ಕೊಡುದಾ? ಅವ್ರ ಕಥೆ ಬರೆಯುಕೆ ಅವ್ರಿದ್ದಾರೆ. 1909ರಲ್ಲೇ ದೀಪಾವಳಿ ಅಂಕ ಶುರು ಮಾಡಿದವ್ರು ಅವ್ರು, ಅಲ್ದಾ?

ಮಾಟುಂಗಾ ಮೇಷ್ಟ್ರು
ವರ್ಷ ಸರಿಯಾಗಿದೆ. ಕಾಶೀನಾಥ ರಘುನಾಥ ಮಿತ್ರ ಅವರ ‘ಮನೋರಂಜನ್’. ವಾದ ಸರಿಯಿಲ್ಲ.

ಅಂಧೇರಿ ಮಳೆ
ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’ದಲ್ಲಿ ದಗಡೂ ಪರಬ್ ಯಾವೂರಿನ ಶೆಟ್ಟಿ ಸ್ವಾಮಿ? ಹೆಸರಲ್ಲೇ ಮರಾಠಿ ಇದೆ. ಈ ಊರಲ್ಲಿದ್ದು ಕನ್ನಡದಲ್ಲಿ ಬರೆಯೋರು ಪಕ್ಕದ ಖೋಲಿಯವನನ್ನ ಬಿಟ್ಟು ಬರೆಯೋದು ಹೇಗೆ?

ಕುಂದಾಪ್ರದ್ ಮಾಣಿ
ಅವ್ರು ದೊಡ್ಡವ್ರು, ಬರೀತಾರೆ. ನಾ ಹೇಳುದು ಬೇರೆ. ನಾನು ಆ ಹೋಟೆಲ್ ಕೆಲಸ ಮಾಡಿದವ. ಪರೇಲ್ ಕಡೆಯೇ, ಮುಷ್ಕರದ ಹೊತ್ತಲ್ಲೇ, ಕ್ಲೀನರ್ ಆಗಿ ಸೇರಿ ಆಮೇಲೆ ಸಪ್ಲೈಯರ್. ಅಕ್ಕನ ಐದನೇ ದೃಶ್ಯ ನಡೆಯುಕೇ ಸಾಧ್ಯ ಇಲ್ಲ.

ಒಂದು, ನಾನಿದ್ದಲ್ಲಿ ಮೋರಿಗೂ ನಮ್ಮೂರಿನವನೇ. ಗುರುತು ಪರಿಚಯ ಇಲ್ಲದವನಿಗೆ ಒಳಗೆ ಪ್ರವೇಶ ಇಲ್ಲ. ಎರಡು, ಗಿರಾಕಿ ಇಲ್ಲ ಅಂತ ಧಣಿ ನಮ್ಮನ್ನೇ ಊರಿಗೆ ಕಳಿಸ್ತಿದ್ದ ಹೊತ್ತಲ್ಲಿ ಹೊಸಬನಿಗೆ ಕೂಲಿ ಯಾರು ಕೊಡ್ತಾರೆ? ಮೂರು, ಮಿಲ್ಲಿನವ್ರು ನಮ್ಮಲ್ಲಿ ಊಟಕ್ಕೆ ಬಪ್ಪವ್ರಲ್ಲ. ಊಟ ಖಾನಾವಳಿಯಲ್ಲಿ, ಬಾಯಿಗಳು ನಡೆಸ್ತಿದ್ರಲ್ಲ, ಅಲ್ಲಿ ತಿಂಗಳ ಲೆಕ್ಕ. ನಮ್ಮಲ್ಲಿಗೆ ಬಪ್ಪುದ್ ಚಾಕ್ಕೆ, ಭೋಂಗಾ, ಅಂದ್ರೆ ಮಿಲ್ಲಿನ ಸೈರನ್, ಆದ ಕೂಡ್ಲೆ, ಪಾಳಿ ಬದಲಾಪ ಹೊತ್ತಿಗೆ. ಒಂದೇ ಸಲ ಜನ ನುಗ್ಗಿ ಗಳಿಗೆಯಲ್ಲಿ ಖಾಲಿ. ಮುಷ್ಕರ ಶುರುವಾದ ಮೇಲೆ ಭೋಂಗಾ ಇಲ್ಲ, ಹೊತ್ತೇ ಗೊತ್ತಾಗ್ತಿರ್ಲಿಲ್ಲ.

ಆದ್ರೆ ಉದ್ರಿ ಇತ್ತ್. ಗಲ್ಲೆ (ದುಡ್ಡಿನ ಕೌಂಟರ್) ಹತ್ರ ಉದ್ದ ಪುಸ್ತಕ. ಪರಿಚಯದ ಗಿರಾಕಿಗೆ ಚಾ, ಉಸಳ್, ಪಾವ್ ಎಲ್ಲ ಬರೆದಿಡುದು, ಪಗಾರ ಆದಾಗ ಕೊಡುದು. 1982ರ ಜನವರಿ 18ಕ್ಕೆ ಮುಷ್ಕರ ಹೊರಟದ್ದು, ಪಗಾರವೇ ನಿಂತಿತು. ಪುಸ್ತಕದಲ್ಲಿದ್ದದ್ದು ಪುಸ್ತಕದಲ್ಲೇ ಉಳೀತು. ಬದಲಿಯವ್ರದ್ದು ಇನ್ನೂ ಕಷ್ಟ. ಅವ್ರು ಮೊದಲೂ ದಿನಾ ಬೆಳಿಗ್ಗೆ ಗೇಟಲ್ಲಿ ನಿಂತು, ಕಾಯಮ್ಮಿನವ ಬರದಿದ್ರೆ ಮಾತ್ರ ಕೆಲಸ. ನಿಮ್ಮ ಪಾಂಡು ಆ ಉದ್ರಿ ತೀರಿಸುಕೆ ಬಂದ್ ಮೋರಿಯಲ್ಲಿ ಕೂತ ಅಂತ ಬರೀರಿ, ನಾ ನಂಬ್ತೆ.

ನಿಗಡಿ ಪಾಟೀಲ
ಅಬ್ಬಾ! ಮಾಣಿ ಅವ್ರ, ನೀವ ಕಥಿ ಕಟ್ಟಿದ್ರಲ್ಲೋ! ಈಗ ಪಾಂಡೂಗ ಕೂಲಿ ಕೇಳೋ ಹಕ್ಕ ಇಲ್ಲ. ಧಣಿಗೆ ಹೊರಗ ಹಾಕೋ ಮನಸಿಲ್ಲ, ಹಾಕಿದ್ರ ಸಾಲ ಮುಳಗ್ತದ. ಮತ್ತ ಆ ಪುಸ್ತಕ ಬರಿಯೋರು ಯಾರು? ಸುಧಾಕರನ ಬರೀಲಿ! ರಾತ್ರಿಶಾಲೆಯೊಳಗ ಲೆಕ್ಕಾ ಕಲ್ತಾನಲ್ಲ. ಸುಮ್ನ ನೋಡೋದು ತಪ್ಪತದ.

ಥಾಣೆ ತರಲೆ
ಪಾಟೀಲರೇ, ನೀವು ಪಾಂಡುನ ತಗದ ಹಾಕ್ರಿ ಅಂದಿದ್ರಿ.

ನಿಗಡಿ ಪಾಟೀಲ
ಆ ಪಾಂಡು ಬ್ಯಾರೆ, ಈ ಪಾಂಡು ಬ್ಯಾರೆ. ಇಂವಂಗ ಲೆಕ್ಕಾ ಅದ.

ಕೊತ್ರೂಡ್ ಹುಡುಗಿ
ದಿನಾ ಎಷ್ಟು ತಟ್ಟೆಗೆ ಎಷ್ಟು ಪೈಸೆ ಕಡಿತ ಅಂತ ಸುಧಾಕರ ಪುಸ್ತಕದಲ್ಲಿ ಬರೆಯೋದಾದ್ರೆ, ಅವನು ತಪ್ಪು ಬರೀಬಹುದು. ಬೇಕಂತಲೇ. ಯಾರ ಕಡೆಗೆ ತಪ್ಪು ಬರೀತಾನೆ ಅನ್ನೋದೇ ಕಥೆ.

ಮಾಟುಂಗಾ ಮೇಷ್ಟ್ರು
ಬ್ಯಾಂಕು ಬೇಡವಾಯಿತು. ನಾನೂ ಬಿಟ್ಟುಕೊಡುತ್ತೇನೆ. ಆದರೆ ಒಂದು ಎಚ್ಚರ: ಹತ್ತು ಜನ ಸೇರಿ ಈಗ ನಾವೇ ಪಟ್ಟಿ ಹಾಕುತ್ತಿದ್ದೇವೆ. ಕಥೆ ಅವರದು.

ಅಂಧೇರಿ ಮಳೆ
ಸರ್ ಹೇಳಿದ್ದಕ್ಕೆ ನೂರು ಲೈಕ್.

ಡೊಂಬಿವಿಲಿ ಲೋಕಲ್
ಮಾಣಿ ಅಣ್ಣನ ಉದ್ರಿ ಪುಸ್ತಕ ಇಟ್ಟುಕೊಳ್ತೀನಿ, ಪಾಟೀಲರು ಹೇಳಿದ ಹಾಗೆ ಸುಧಾಕರನೇ ಬರೀತಾನೆ. ತಪ್ಪು ಬರೀತಾನಾ ಇಲ್ವಾ ಅನ್ನೋದನ್ನ ಈಗ್ಲೇ ತೀರ್ಮಾನ ಮಾಡಲ್ಲ. ಅಲ್ಲಿಗೆ ಹೋದಾಗ ನೋಡ್ತೀನಿ. ಹಳೇ ಪಟ್ಟಿಯಲ್ಲಿ ಉಳಿದದ್ದು ರಾತ್ರಿಶಾಲೆ ಒಂದೇ.

ಮಾಣಿ ಅಣ್ಣಾ, ನಿಮ್ಮ ಹತ್ರ ಕೇಳೋದಿದೆ. ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಹುಡುಗರು ಎಲ್ಲಿ ಮಲಗ್ತಿದ್ರು? ಶಟರ್ ಕೀ ಯಾರ ಹತ್ರ?

ಕುಂದಾಪ್ರದ್ ಮಾಣಿ
ಮಲಗುದು ಒಳಗೇ. ಟೇಬಲ್ ಜೋಡಿಸಿ ಅದರ ಮೇಲೆ, ಹಿರಿಯವ್ರು ಅಟ್ಟದಲ್ಲಿ. ನಾನಿದ್ದಲ್ಲಿ ಮ್ಯಾನೇಜರ್ ಹೊರಗಿಂದ ಶಟರ್ ಎಳೆದು ಬೀಗ ಹಾಕಿ ಕೀ ಮನೆಗೆ ತಕೊಂಡ್ ಹೋಪುದ್. ಬೆಳಿಗ್ಗೆ ಹಾಲಿನವ ಬಪ್ಪ ಹೊತ್ತಿಗೆ ತೆಗೀತಿದ್ದ.

ಡೊಂಬಿವಿಲಿ ಲೋಕಲ್
ಒಳಗಿಟ್ಟು ಬೀಗವಾ! ಹಾಗಾದ್ರೆ ರಾತ್ರಿಶಾಲೆಗೆ ಹೋದವನು ಒಳಗೆ ಬರೋದು ಹೇಗೆ?

ಕುಂದಾಪ್ರದ್ ಮಾಣಿ
ಬೀಗ ಬೀಳುದ್ರೊಳಗೆ ಓಡಿ ಬರ್ಬೇಕ್. ತಡ ಆದ್ರೆ ಆ ರಾತ್ರಿ ಹೊರಗೆ. ನಾನೂ ಶಾಲೆಗೆ ಹೋಪವನೇ. ಸುಮಾರು ಸಲ ಎದುರಿನ ಚಾಳಿನ ಓಣಿಯಲ್ಲಿ ಮಲಗಿದ್ದೆ, ಗಿರಾಕಿಯೊಬ್ಬ ಗೋಣಿ ಕೊಡ್ತಿದ್ದ. ಮಿಲ್ಲಿನವನೇ.

ಡೊಂಬಿವಿಲಿ ಲೋಕಲ್
ಅವನದ್ದೂ ಉದ್ರಿ ಇತ್ತಾ?

ಕುಂದಾಪ್ರದ್ ಮಾಣಿ
ಇತ್ತ್. ಕೊಡದೆ ಊರಿಗೆ ಹೋದ, ಸಾತಾರಾ ಕಡೆ. ಧಣಿ ನನ್ನ ಸಂಬಳದಲ್ಲಿ ಹಿಡಿದ, ನೀನೇ ಪರಿಚಯ ಮಾಡ್ಸಿದ್ದು ಅಂತ. ನಾಳೆ ಸಂಜೆ ಫೋನ್ ಮಾಡಿ ಅಕ್ಕಾ, ಇದೆಲ್ಲ ಟೈಪ್ ಮಾಡುಕೆ ಆಪುದಿಲ್ಲ. ಕನ್ನಡ ಕೀಬೋರ್ಡಲ್ಲಿ ಒತ್ತಕ್ಷರ ಹುಡ್ಕಿ ಹುಡ್ಕಿ ಸಾಕಾಯ್ತ್.

ಥಾಣೆ ತರಲೆ
ಫೋನಲ್ಲಿ ಅಲ್ಲ, ಇಲ್ಲೇ ಹೇಳಿ! ನಾವೇನು ಪಾಪ ಮಾಡಿದ್ವಿ?